ಮುಂದೆ ಬರುವ ತಂತ್ರಜ್ಞಾನವನ್ನು ಸರಿಯಾಗಿ ಊಹಿಸಿದ ಸೈನ್ಸ್ ಫಿಕ್ಷನ್ ಸಿನಿಮಾ ಯಾವುದು?

ನನ್ನ ಓಟು 1968ರ '2001: ಎ ಸ್ಪೇಸ್ ಒಡಿಸ್ಸಿ'ಗೆ.

ಅದರಲ್ಲೊಂದು ಊಟದ ದೃಶ್ಯವಿದೆ. ಇಬ್ಬರು ಗಗನಯಾತ್ರಿಗಳು ಊಟ ಮಾಡುತ್ತಾ, ಮೇಜಿನ ಮೇಲಿಟ್ಟ ತೆಳ್ಳನೆಯ ಸ್ಕ್ರೀನ್‌ನಲ್ಲಿ ತಮ್ಮದೇ ಬಿಬಿಸಿ ಸಂದರ್ಶನ ನೋಡುತ್ತಾರೆ. ಈಗ ನಾವು ತಟ್ಟೆ ಪಕ್ಕ ಮೊಬೈಲ್ ಇಟ್ಟುಕೊಳ್ಳುವ ಹಾಗೆಯೇ, ಅಲ್ವಾ? ಐಪ್ಯಾಡ್ ಬಂದಿದ್ದು 2010ರಲ್ಲಿ. ಮರುವರ್ಷ ಆಪಲ್ ಜೊತೆಗಿನ ಪೇಟೆಂಟ್ ಜಗಳದಲ್ಲಿ, 'ಈ ಡಿಸೈನ್ ಹೊಸದೇನಲ್ಲ' ಎನ್ನಲು ಸ್ಯಾಮ್‌ಸಂಗ್ ಇದೇ ದೃಶ್ಯವನ್ನು ಕೋರ್ಟಿನ ಮುಂದಿಟ್ಟಿತು!

ಅದೇ ಸಿನಿಮಾದಲ್ಲಿ ವಿಜ್ಞಾನಿ ಡಾ. ಫ್ಲಾಯ್ಡ್ ಬಾಹ್ಯಾಕಾಶ ನಿಲ್ದಾಣದಿಂದ ಮನೆಗೆ ವಿಡಿಯೋ ಕಾಲ್ ಮಾಡುತ್ತಾನೆ. ಪುಟ್ಟ ಮಗಳು ಸೀಟಿನಲ್ಲಿ ನೆಟ್ಟಗೆ ಕೂರದೆ ಒದ್ದಾಡುತ್ತಾಳೆ, ಹುಟ್ಟುಹಬ್ಬಕ್ಕೆ ಏನು ಬೇಕು ಅಂತ ಹೇಳುತ್ತಾಳೆ. ಬಿಲ್ಲು 1.70 ಡಾಲರ್. (ಆ ಮಗು ನಿರ್ದೇಶಕ ಕುಬ್ರಿಕ್‌ನ ಸ್ವಂತ ಮಗಳು.) ತಮಾಷೆ ಏನೆಂದರೆ, ಅವನು ಮಾತಾಡುವುದು ಫೋನ್ ಬೂತ್‌ನಲ್ಲಿ ಕೂತು. ಜನ ಚಂದ್ರನಿಗೆ ಓಡಾಡುತ್ತಾರೆ, ಆದರೆ ಫೋನ್ ಮಾತ್ರ ಜೇಬಿಗೆ ಬಂದಿಲ್ಲ!

ಹಾಗೆ ನೋಡಿದರೆ ವಿಡಿಯೋ ಕಾಲ್ ಇನ್ನೂ ಹಳೆಯ ಐಡಿಯಾ. 1927ರ ಜರ್ಮನ್ ಮೂಕಿ ಚಿತ್ರ 'ಮೆಟ್ರೊಪೊಲಿಸ್'ನಲ್ಲೇ ಧಣಿಯೊಬ್ಬ ಗೋಡೆಗೆ ಹಾಕಿದ ಯಂತ್ರದಲ್ಲಿ ತನ್ನ ಮೇಸ್ತ್ರಿಯ ಮುಖ ನೋಡಿ ಮಾತಾಡುತ್ತಾನೆ.

'ಮೈನಾರಿಟಿ ರಿಪೋರ್ಟ್' (2002) ಹೆಸರನ್ನೂ ಜಾಸ್ತಿ ಜನ ಹೇಳುತ್ತಾರೆ. ಅದರಲ್ಲಿ ಗಾಳಿಯಲ್ಲಿ ಕೈಯಾಡಿಸಿ ಕಂಪ್ಯೂಟರ್ ನಡೆಸುವುದು ನೋಡಲು ಚೆಂದ, ಆದರೆ ಆಫೀಸಿನಲ್ಲಿ ಹಾಗೆ ಯಾರೂ ಕೆಲಸ ಮಾಡುತ್ತಿಲ್ಲ. ಕೈ ನೋಯುತ್ತೆ, ಅಷ್ಟೆ. ನಿಜವಾಗಿದ್ದು ನಮ್ಮನ್ನು ಗುರುತಿಸಿ ಬೆನ್ನು ಹತ್ತುವ ಜಾಹೀರಾತು. ಅಲ್ಲಿ ಕಣ್ಣು ಸ್ಕ್ಯಾನ್ ಮಾಡುತ್ತಿದ್ದರು, ಇಲ್ಲಿ ನಾವು ಸುಮ್ನೆ ಒಮ್ಮೆ ಆನ್‌ಲೈನ್‌ನಲ್ಲಿ ಚಪ್ಪಲಿ ಹುಡುಕಿದರೆ ಸಾಕು.