ಜಾತ್ರೆಗೆ ಟಗರು ಸಾಕುತ್ತಿರುವ ವಿದ್ಯಾರ್ಥಿಯ ಮನೆಗೆ ಹೋದಾಗ ಏನು ನೋಡಬೇಕು, ಏನು ಕೇಳಬೇಕು?

ಕೊಪ್ಪಳದ ಕಡೆ ಹೊಸದಾಗಿ ಬಂದ ಟೀಚರ್ ನೀವು. ನಿಮ್ಮ ಒಂಬತ್ತನೇ ಕ್ಲಾಸಿನ ಹುಡುಗ ಜಾತ್ರೆಯ ಜಾನುವಾರು ಪ್ರದರ್ಶನಕ್ಕೆ ಟಗರು ಸಾಕುತ್ತಿದ್ದಾನೆ, ನೋಡೋಕೆ ಕರೆದಿದ್ದಾನೆ. ಖಂಡಿತ ಹೋಗಿ ಮೇಡಂ. ನಮ್ಮದು ಸಿಂಧನೂರು ಕಡೆ ಕುರಿ ಸಾಕೋ ಮನೆ, ಅದಕ್ಕೇ ಇಷ್ಟು ಹೇಳುತ್ತೇನೆ.

ಟಗರನ್ನು ಅವನೇ ಹಿಡಿದು ತೋರಿಸಲಿ. ನೀವು ಹಣೆ ಮುಟ್ಟೋಕೆ ಹೋಗಬೇಡಿ, ಬೆನ್ನು ತಿರುಗಿಸಿಯೂ ನಿಲ್ಲಬೇಡಿ, ಹಾಯುತ್ತದೆ. ಮೈ ಕೆಂಪು ಕಂದು ಇದ್ದರೆ ಕೆಂಗುರಿ ತಳಿ ಇರಬಹುದು. ಬಿಳಿ ಕಪ್ಪು ಬೆರೆತಿದ್ದರೆ ಬಳ್ಳಾರಿ ಕುರಿ ಇರಬಹುದು. ಆ ತಳಿಯಲ್ಲಿ ಎಷ್ಟೋ ಟಗರಿಗೆ ಕೊಂಬೇ ಇರೋದಿಲ್ಲ, ಅದೇನೂ ಕೊರತೆ ಅಲ್ಲ.

ಉಣ್ಣೆ ಇದ್ದರೆ ಬಡಕಲು ಕುರಿಯೂ ದಪ್ಪಗೆ ಕಾಣುತ್ತದೆ. ಕೊನೆಯ ಪಕ್ಕೆಲುಬಿನ ಹಿಂದೆ, ಬೆನ್ನುಮೂಳೆ ಮೇಲೆ ಅಂಗೈ ಒತ್ತಿ ನೋಡೋಕೆ ಅವನಿಗೆ ಹೇಳಿ. ಮೂಳೆ ಚೂಪಾಗಿ ತಾಗಿದರೆ ಮೈ ಇನ್ನೂ ತುಂಬಿಲ್ಲ. ಆಮೇಲೆ ಕಣ್ಣಿನ ಕೆಳಗಿನ ರೆಪ್ಪೆ ಮೆಲ್ಲಗೆ ಎಳೆದು ತೋರಿಸಲಿ. ಒಳಗೆ ಕೆಂಪಗಿದ್ದರೆ ಒಳ್ಳೆಯದು. ಬೆಳ್ಳಗಿದ್ದರೆ ರಕ್ತ ಕಡಿಮೆಯಾಗಿದೆ, ಜಾಸ್ತಿ ಸಲ ಅದು ಜಂತುಹುಳದ ಕೆಲಸ. ಹಿಕ್ಕೆ ಗುಂಡಗೆ, ಬಿಡಿಬಿಡಿಯಾಗಿ ಬಿದ್ದಿದೆಯಾ ಅಂತಲೂ ನೋಡಿ.

ನೀವು ಕೇಳಲೇಬೇಕಾದ ಮಾತು ಒಂದಿದೆ: ಕಾಳು ಎಷ್ಟು ಹಾಕುತ್ತಿದ್ದೀಯಾ? ಜಾತ್ರೆ ಹತ್ತಿರ ಬಂದ ಹಾಗೆ ಓಣಿಯವರೆಲ್ಲ ಮೆಕ್ಕೆಜೋಳ ಹಾಕು, ಹಿಂಡಿ ಹಾಕು ಅಂತ ಹೇಳುತ್ತಾರೆ. ಹುಡುಗ ಆಸೆಗೆ ಬಿದ್ದು ಒಮ್ಮೆಲೇ ಸುರಿದುಬಿಟ್ಟರೆ ಹೊಟ್ಟೆಯಲ್ಲಿ ಹುಳಿಯಾಗಿ, ಉಬ್ಬರಿಸಿ, ಗಟ್ಟಿಮುಟ್ಟಾದ ಟಗರೂ ಒಂದೆರಡು ದಿನದಲ್ಲಿ ಸಾಯಬಹುದು. ಕಾಳನ್ನು ಎರಡು ಮೂರು ವಾರ ಹಿಡಿದು ಸ್ವಲ್ಪಸ್ವಲ್ಪವೇ ಏರಿಸಬೇಕು. ಮೊದಲು ಶೇಂಗಾ ಹೊಟ್ಟೋ ಜೋಳದ ಕಣಿಕಿಯೋ ತಿನ್ನಲಿ, ಕಾಳು ಆಮೇಲೆ. ನೀರು ಯಾವಾಗಲೂ ಮುಂದಿರಬೇಕು. ಕಾಳು ಜಾಸ್ತಿ, ನೀರು ಕಡಿಮೆ ಆದರೆ ಟಗರಿಗೆ ಮೂತ್ರದಲ್ಲಿ ಹರಳು ಕಟ್ಟುತ್ತದೆ. ಉಚ್ಚೆ ಹೊಯ್ಯೋಕೆ ತಿಣುಕುತ್ತಿದ್ದರೆ ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಟೀಚರ್ ಹೇಳಿದರೆ ಮನೆಯವರೂ ಕಿವಿಗೊಡುತ್ತಾರೆ, ಅದಕ್ಕೇ ಈ ಮಾತು ನಿಮ್ಮಿಂದಲೇ ಬರಲಿ.

ಪಿಪಿಆರ್ (ಕುರಿ, ಮೇಕೆಗೆ ಬರೋ ಅಂಟುರೋಗ), ಕರುಳುಬೇನೆ ಲಸಿಕೆ ಆಗಿದೆಯಾ ಕೇಳಿ. ಹಾಕಿಸಿದ ಮೇಲೆ ಮೈಯಲ್ಲಿ ರೋಗ ತಡೆಯೋ ಶಕ್ತಿ ಬರೋಕೆ ಎರಡು ವಾರವಾದರೂ ಬೇಕು. ಜಾತ್ರೆಯ ಹಿಂದಿನ ದಿನ ಓಡಾಡಿದರೆ ಏನೂ ಪ್ರಯೋಜನ ಇಲ್ಲ.

ಇನ್ನೊಂದು. ಪ್ರದರ್ಶನ ಮುಗಿದ ಮೇಲೆ ಟಗರನ್ನು ಮಾರಬಹುದು. ಆ ದುಡ್ಡು ಮನೆಗೆ ಬೇಕಾಗಿರುತ್ತದೆ, ಹಾಗಾಗಿ ಮಾರಬೇಡಿ ಅನ್ನಬೇಡಿ. ಆದರೆ ಹುಡುಗನಿಗೆ ಅದು ಮೊದಲೇ ಗೊತ್ತಿದೆಯಾ ಅಂತ ಅವರಪ್ಪನ ಹತ್ತಿರ ಒಂದು ಮಾತು ಕೇಳಿ. ಕೈಯಾರೆ ಮೇಯಿಸಿದ ಕುರಿ ಅಲ್ವಾ, ಜಾತ್ರೆಯ ಗದ್ದಲದಲ್ಲಿ ಸುಮ್ನೆ ಹಗ್ಗ ಕಿತ್ತುಕೊಂಡರೆ ಮಗು ತಡೆದುಕೊಳ್ಳೋದು ಕಷ್ಟ. ಮಾರದೆ ವಾಪಸ್ ತಂದರೆ ಎರಡು ಮೂರು ವಾರ ಉಳಿದ ಕುರಿಗಳಿಂದ ದೂರ ಕಟ್ಟೋಕೆ ಹೇಳಿ. ಜಾತ್ರೆಯಲ್ಲಿ ಹತ್ತೂರ ಕುರಿ ಸೇರಿರುತ್ತವೆ, ರೋಗ ಅಲ್ಲಿಂದಲೇ ಹಟ್ಟಿಗೆ ಬರೋದು.