ಮಾಸ್ತರರ ಭಸ್ಮಾಸುರ, ಮೊಮ್ಮಕ್ಕಳ ಡ್ರಾಗನ್

ಶಿರಸಿ ತಾಲೂಕಿನ ಒಂದು ಹಳ್ಳಿಯಿಂದ ನಿವೃತ್ತ ಮಾಸ್ತರೊಬ್ಬರು ಬರೆದಿದ್ದಾರೆ:

‘ರಜೆಗೆ ಮೊಮ್ಮಗ, ಮೊಮ್ಮಗಳು ಊರಿಗೆ ಬಂದಿದ್ದಾರೆ. ಇಬ್ಬರೂ ಇಪ್ಪತ್ತು ದಾಟಿದವರು. ಬಂದಾಗಿನಿಂದ ಗೇಮ್ ಆಫ್ ಥ್ರೋನ್ಸ್, ಹೌಸ್ ಆಫ್ ದಿ ಡ್ರಾಗನ್ ಎಂಬ ಇಂಗ್ಲಿಷ್ ಧಾರಾವಾಹಿಗಳದ್ದೇ ಮಾತು. ಹಳೇ ಕ್ಯಾಲೆಂಡರಿನ ಹಿಂಬದಿಗೆ ಅಲ್ಲಿನ ರಾಜರ ವಂಶಾವಳಿ ಬರೆದು ಗೋಡೆಗೆ ಅಂಟಿಸಿದ್ದಾರೆ. ಮನೆಯ ಕಂಬಳಿ ಕತ್ತರಿಸಿ ಮೇಲಂಗಿ ಹೊಲಿದುಕೊಂಡಿದ್ದಾರೆ. ಪಟ್ಟ ಯಾರಿಗೆ ಸೇರಬೇಕು ಎಂದು ಮಧ್ಯರಾತ್ರಿವರೆಗೆ ವಾದ. ನಾನು ಹುಡುಗನಾಗಿದ್ದಾಗ ಸೈಕಲ್ ತುಳಿದುಕೊಂಡು ಹೋಗಿ ಯಕ್ಷಗಾನದಲ್ಲಿ ಚಿಟ್ಟಾಣಿಯವರ ಭಸ್ಮಾಸುರ ನೋಡಿ ಬಂದವನು. ಆ ಅಭಿರುಚಿ ಇವರಿಗೆ ಯಾಕಿಲ್ಲ? ಇಲ್ಲದ ದೇಶದ, ಇಲ್ಲದ ರಾಜರ ಮೇಲೆ ಇಷ್ಟು ಮಳ್ಳು ಯಾಕೆ? ಪತ್ರಿಕೆಯವರು ನೀವು ನಾಲ್ಕು ಮಾತು ಬುದ್ಧಿ ಹೇಳಿ.’

ಮಾಸ್ತರೇ, ನಮಸ್ಕಾರ.

ಪತ್ರ ಓದಿ ಖುಷಿಯಾಯಿತು. ಆದರೆ ನೀವು ಕೇಳಿದ ಬುದ್ಧಿಮಾತು ನನ್ನಿಂದ ಸಿಗುವುದಿಲ್ಲ. ಈ ವಿಷಯದಲ್ಲಿ ನಾನು ಮೊಮ್ಮಕ್ಕಳ ಕಡೆಯವನು.

ನಿಮ್ಮ ಮಾತಿನಲ್ಲಿ ನ್ಯಾಯ ಇಲ್ಲ ಅಂತಲ್ಲ. ಆ ಧಾರಾವಾಹಿಯಲ್ಲಿ ರಕ್ತಪಾತ ಜಾಸ್ತಿ. ಬೆತ್ತಲೆ ದೃಶ್ಯಗಳೂ ಇವೆ. ಅದು ದೊಡ್ಡವರಿಗಾಗಿ ಮಾಡಿದ್ದು, ಶಾಲೆಗೆ ಹೋಗುವ ಮಕ್ಕಳು ನೋಡುವಂಥದ್ದಲ್ಲ. ದಿನಾ ನಿದ್ದೆಗೆಡುವುದೂ ಒಳ್ಳೆಯದಲ್ಲ. ಇಷ್ಟನ್ನು ಒಪ್ಪಿದೆ.

ಇನ್ನು ನನ್ನ ಮಾತು. ನೀವು ಸೈಕಲ್ ಹತ್ತಿ ಯಕ್ಷಗಾನದ ಆಟಕ್ಕೆ ಹೊರಟಾಗ ನಿಮ್ಮ ಮನೆಯ ಹಿರಿಯರು ಏನಂದಿದ್ದರು, ನೆನಪಿದೆಯಾ? ನಮ್ಮ ಮನೆಯಲ್ಲಂತೂ ‘ಆಟದ ಮಳ್ಳು ಹಿಡಿದವನು ತೋಟ ಉಳಿಸುವುದಿಲ್ಲ’ ಎನ್ನುತ್ತಿದ್ದರು. ಆ ಮಾತು ಬೀಳುತ್ತಿದ್ದದ್ದು ನನ್ನ ಸೋದರಮಾವನಿಗೆ. ಹೊನ್ನಾವರದ ಕಡೆಯವನು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ವೇಷ ಎಲ್ಲಿದ್ದರೂ ಅವನು ಅಲ್ಲಿರಬೇಕು. ಬೆಳಗಿನ ಜಾವ ಮನೆಗೆ ಬಂದು, ಮುಖ ತೊಳೆದು, ಹಾಗೇ ಕೆಲಸಕ್ಕೆ ಇಳಿಯುತ್ತಿದ್ದ. ಕೊಯ್ಲಿನ ಕಾಲದಲ್ಲಿ ರಾತ್ರಿ ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವಾಗ ಅವನ ಕೈ ಅಡಿಕೆಯ ಮೇಲಿದ್ದರೂ ಬಾಯಲ್ಲಿ ಕೀಚಕನೇ. ಪಕ್ಕದಲ್ಲಿ ಕೂತ ನಮ್ಮ ದೊಡ್ಡಪ್ಪನದು ಕೆರೆಮನೆ ಮೇಳದ ಪಕ್ಷ. ಶಂಭು ಹೆಗಡೆಯವರ ಕರ್ಣನನ್ನು ನೋಡಿದ ಮೇಲೆ ಬೇರೆ ಯಾವುದೂ ರುಚಿಸುವುದಿಲ್ಲ ಎನ್ನುವವರು. ಇಬ್ಬರೂ ಪದ್ಯಸಮೇತ ವಾದ ಮಾಡುತ್ತಿದ್ದರು. ಯಾವ ಊರಿನ ಆಟದಲ್ಲಿ ಹಾಡುವ ಭಾಗವತರು ಯಾವ ಪದ್ಯ ಬಿಟ್ಟರು, ಯಾವ ಮಾತಿಗೆ ಎದುರು ವೇಷದವರು ತಡವರಿಸಿದರು, ಎಲ್ಲವೂ ನೆನಪು. ಒಂದು ಚಳಿಗಾಲ ಪೂರ್ತಿ ಇಬ್ಬರೂ ಮಾತು ಬಿಟ್ಟದ್ದೂ ಉಂಟು. ಅವರ ನಡುವೆ ಕೂತ ಹುಡುಗರು ನಾವು ಅಲ್ಲೇ ಮಹಾಭಾರತ ಕಲಿತೆವು.

ನಿಮ್ಮ ಜಗಲಿಯಲ್ಲಿ ಈಗ ನಡೆಯುತ್ತಿರುವುದೂ ಅದೇ ಅಲ್ವಾ?

‘ಇಲ್ಲದ ರಾಜರು’ ಎಂದು ಬರೆದಿದ್ದೀರಿ. ರಂಗಸ್ಥಳದ ಭಸ್ಮಾಸುರ ಚೌಕಿಗೆ ಹೋಗಿ ಬಣ್ಣ ತೆಗೆದರೆ ನಮ್ಮ ಹಾಗೇ ಮನುಷ್ಯ ಎಂಬುದು ನಿಮಗೂ ಗೊತ್ತಿತ್ತು. ಗೊತ್ತಿದ್ದರೂ ಅವನು ಮೋಹಿನಿಯ ಜೊತೆ ಕುಣಿಯುತ್ತಾ ತನ್ನ ತಲೆಯ ಮೇಲೆ ಕೈ ತರುವ ಹೊತ್ತಿಗೆ ಉಸಿರು ಬಿಗಿಹಿಡಿದಿರಿ. ಕಥೆಯನ್ನು ನಂಬುವುದೆಂದರೆ ಅಷ್ಟೇ. ಅದಕ್ಕೆ ಪಾತ್ರ ನಮ್ಮ ದೇಶದ್ದೇ ಆಗಬೇಕು ಅಂತೇನಿಲ್ಲ.

ಅವರು ವಾದ ಮಾಡುತ್ತಿರುವುದು ಏನನ್ನು, ಕೇಳಿ ನೋಡಿದ್ದೀರಾ? 2022ರಲ್ಲಿ ಶುರುವಾದ ಹೌಸ್ ಆಫ್ ದಿ ಡ್ರಾಗನ್‌ನ ಕಥೆ ಹೀಗಿದೆ. ವಿಸೇರಿಸ್ ಎಂಬ ರಾಜ ತನ್ನ ಮಗಳು ರೆನೀರಾಳೇ ಮುಂದಿನ ರಾಣಿ ಎಂದು ಸಾಮಂತರಿಂದ ಪ್ರಮಾಣ ಮಾಡಿಸುತ್ತಾನೆ. ಆಮೇಲೆ ಎರಡನೇ ಹೆಂಡತಿಗೆ ಗಂಡುಮಗು ಹುಟ್ಟುತ್ತದೆ. ರಾಜ ಸತ್ತ ಮೇಲೆ ಪಟ್ಟ ಯಾರಿಗೆ? ಮಗಳ ಪಕ್ಷ ಕಪ್ಪು, ಮಗನ ಪಕ್ಷ ಹಸಿರು. 2024ರಲ್ಲಿ ಎರಡನೇ ಸೀಸನ್ ಬರುವ ಮೊದಲು ಎರಡೂ ಪಕ್ಷಕ್ಕೆ ಬೇರೆ ಬೇರೆ ಟ್ರೇಲರ್ ಬಿಟ್ಟಿದ್ದರು. ನೋಡುವವರೂ ಎರಡು ಪಾಲಾದರು. ದಾಯಾದಿ ಜಗಳ, ಮಾಸ್ತರೇ! ಸತ್ಯವತಿಯ ಅಪ್ಪ ತನ್ನ ಮಗಳ ಮಕ್ಕಳಿಗೇ ಪಟ್ಟ ಬೇಕು ಎಂದ. ದೇವವ್ರತ ಭೀಷ್ಮನಾದ. ಆಮೇಲೆ ಏನೇನಾಯಿತು ಎಂಬುದನ್ನು ನಿಮಗಿಂತ ಚೆನ್ನಾಗಿ ಆ ಮಕ್ಕಳಿಗೆ ಯಾರು ಹೇಳಿಯಾರು? ಇವತ್ತು ರಾತ್ರಿ ಒಳಗೆ ಹೋಗಿ ಮಲಗಬೇಡಿ. ಅವರ ನಡುವೆ ಕೂತು ‘ಅಪ್ಪನ ಸುಖಕ್ಕೆ ಹಿರಿಯ ಮಗ ರಾಜ್ಯ ಬಿಟ್ಟದ್ದು ಸರಿಯಾ?’ ಎಂದು ಒಂದು ಪ್ರಶ್ನೆ ಹಾಕಿ. ವೇಷವಿಲ್ಲದೆ ಕೂತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಲೆ ನಿಮ್ಮ ಜಗಲಿಗೇ ಬರುತ್ತದೆ.

ಇನ್ನೊಂದು ವಿಷಯ. ಈ ಕಥೆಗಳನ್ನು ಬರೆದ ಜಾರ್ಜ್ ಆರ್. ಆರ್. ಮಾರ್ಟಿನ್ ಅಮೆರಿಕದವರು. ಈ ಸರಣಿಯ ಮೊದಲ ಪುಸ್ತಕ ಬಂದದ್ದು 1996ರಲ್ಲಿ. 15ನೇ ಶತಮಾನದಲ್ಲಿ ಇಂಗ್ಲೆಂಡಿನ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳು ಸಿಂಹಾಸನಕ್ಕಾಗಿ ಕಾದಾಡಿದ್ದರಲ್ಲ, ಆ ಇತಿಹಾಸದಿಂದ ಅವರು ಬಹಳಷ್ಟು ಎತ್ತಿಕೊಂಡಿದ್ದಾರೆ. ರೆನೀರಾಳ ಕಥೆಗೆ 12ನೇ ಶತಮಾನದ ಇಂಗ್ಲೆಂಡಿನ ರಾಜಕುಮಾರಿ ಮಟಿಲ್ಡಾ ಮೂಲ. ಅಪ್ಪ ಅವಳಿಗೇ ಪಟ್ಟ ಎಂದು ಪ್ರಮಾಣ ಮಾಡಿಸಿದ್ದ. ಅವನು ಸತ್ತ ಕೂಡಲೇ ಸ್ಟೀಫನ್ ಎಂಬ ಅವಳ ಸಂಬಂಧಿ ಕಿರೀಟ ಹಾಕಿಕೊಂಡ. ಇದನ್ನು ನನಗೆ ಹೇಳಿದವಳು ನಮ್ಮ ಕಚೇರಿಗೆ ಕೆಲಸ ಕಲಿಯಲು ಬರುತ್ತಿದ್ದ ಕಾರವಾರದ ಹುಡುಗಿ. ಅವಳು ಓದಿದ್ದು ವಾಣಿಜ್ಯ. ಇತಿಹಾಸದ ಪುಸ್ತಕ ಹುಡುಕಿ ಓದುವಂತೆ ಮಾಡಿದ್ದು ಡ್ರಾಗನ್. ಅವಳ ಕಣ್ಣಲ್ಲಿದ್ದ ಬೆಳಕನ್ನು ನೋಡಿದ ಮೇಲೆ ಈ ಅಭಿಮಾನವನ್ನು ಕಾಲಹರಣ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕಂಬಳಿಯ ವಿಷಯಕ್ಕೂ ಬರುತ್ತೇನೆ. ಗೇಮ್ ಆಫ್ ಥ್ರೋನ್ಸ್‌ನಲ್ಲಿ ಉತ್ತರದ ಹಿಮದ ಗೋಡೆ ಕಾಯುವ ಯೋಧರು ದಪ್ಪ ಮೇಲಂಗಿ ಹೊದ್ದಿರುತ್ತಾರೆ. ಅದನ್ನು ಮಾಡಿದ ವಸ್ತ್ರವಿನ್ಯಾಸಕಿ ಮಿಷೆಲ್ ಕ್ಲಾಪ್ಟನ್ 2016ರಲ್ಲಿ ಗುಟ್ಟು ಬಿಟ್ಟುಕೊಟ್ಟರು. ಅವು ಮನೆಸಾಮಾನು ಮಾರುವ ಐಕಿಯಾ ಅಂಗಡಿಯ ನೆಲಹಾಸುಗಳು. ಕತ್ತರಿಸಿ, ಬಣ್ಣ ಹಾಕಿ, ಉಜ್ಜಿ ಹಳತು ಮಾಡಿದ್ದು. ಅಂದ ಮೇಲೆ ನಿಮ್ಮ ಮೊಮ್ಮಕ್ಕಳು ಮೂಲದವರಿಗಿಂತ ಒಳ್ಳೆಯ ಸಾಮಾನನ್ನೇ ಹಿಡಿದಿದ್ದಾರೆ. ನಮ್ಮ ಕಿರೀಟವೂ ಹಗುರ ಮರಕ್ಕೆ ಬೇಗಡೆ ಹಚ್ಚಿದ್ದೇ ತಾನೇ? ದೀಪದ ಬೆಳಕಿನಲ್ಲಿ ಅದು ಬಂಗಾರವಾಗುತ್ತದೆ. ಕೈಯಾರೆ ವೇಷ ಕಟ್ಟಿದವನಿಗೆ ಮಾತ್ರ ಅದರ ಕಷ್ಟ ಗೊತ್ತು. ಮುಂದೆ ಎಂದಾದರೂ ಆ ಹುಡುಗ ನಮ್ಮ ಚೌಕಿಗೆ ಬಂದರೆ ವೇಷ ಕಟ್ಟುವವರ ಬೆರಳನ್ನು ಸುಮ್ನೆ ನೋಡಿ ಹೋಗುವವನಲ್ಲ, ಕೇಳುತ್ತಾನೆ.

ಈಗ ನನಗೆ ಬಹಳ ಮುಖ್ಯ ಅನಿಸುವ ಮಾತು. ಕಥೆಯನ್ನು ಕಟ್ಟುವವರು ಒಬ್ಬಿಬ್ಬರು. ಕಾಯುವವರು ಅಭಿಮಾನಿಗಳು. ಸ್ವೀಡನ್ನಿನಲ್ಲಿರುವ ಎಲಿಯೋ ಗಾರ್ಸಿಯಾ ಮತ್ತು ಲಿಂಡಾ ಆಂಟನ್ಸನ್ ಬರೀ ಓದುಗರಾಗಿ ಶುರು ಮಾಡಿದವರು. ಮಾರ್ಟಿನ್ನರ ಲೋಕದ ಪ್ರತಿ ಮನೆತನ, ಪ್ರತಿ ಊರು, ಪ್ರತಿ ಲಾಂಛನವನ್ನು ಬರೆದಿಟ್ಟರು. ಕೊನೆಗೆ ಲೇಖಕರೇ ಸಂದೇಹ ಬಂದಾಗ ಗಾರ್ಸಿಯಾ ಅವರನ್ನು ಕೇಳುವಂತಾಯಿತು. 2014ರಲ್ಲಿ ಆ ಲೋಕದ ಚರಿತ್ರೆಯ ಪುಸ್ತಕ ಮೂವರ ಹೆಸರಲ್ಲೂ ಬಂತು. ಬ್ರಿಟನ್ನಿನ ಡಾಕ್ಟರ್ ಹೂ ಧಾರಾವಾಹಿಯದ್ದು ಇನ್ನೂ ದೊಡ್ಡ ಕಥೆ. 1963ರಲ್ಲಿ ಶುರುವಾದದ್ದು. ಮೊದಮೊದಲ ವರ್ಷಗಳ ಟೇಪುಗಳನ್ನು ಬಿಬಿಸಿಯವರೇ ಅಳಿಸಿ ಬೇರೆ ಕಾರ್ಯಕ್ರಮಕ್ಕೆ ಬಳಸಿದರು. 90ಕ್ಕೂ ಜಾಸ್ತಿ ಕಂತುಗಳ ಚಿತ್ರ ಇವತ್ತಿಗೂ ಸಿಕ್ಕಿಲ್ಲ. ಆದರೆ ಅವುಗಳ ಧ್ವನಿ ಒಂದೂ ಬಿಡದೆ ಉಳಿದಿದೆ. ಮನೆಯಲ್ಲಿ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತ ಹುಡುಗರು ಉಳಿಸಿದ್ದು. ಅವತ್ತು ಅವರ ಮನೆಯವರೂ ‘ಇದೇನು ಮಳ್ಳು’ ಎಂದಿರುತ್ತಾರೆ.

ನಮ್ಮಲ್ಲೂ ಇದೇ ನಡೆದಿದೆ. ಭಾಗವತ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಮೂವತ್ತೆರಡರ ಆಸುಪಾಸಿನವರು. ಅವರ ಕಂಠ ಇವತ್ತಿಗೂ ನಮ್ಮ ಕಿವಿಗೆ ಬೀಳುತ್ತಿದ್ದರೆ ಅದರಲ್ಲಿ ದೊಡ್ಡ ಪಾಲು ಆಟದ ಮುಂದೆ ಟೇಪ್ ರೆಕಾರ್ಡರ್ ಹಿಡಿದು ಕೂತವರದ್ದು. ನಡುವೆ ಮಗು ಅಳುವುದೂ ಕೇಳುತ್ತದೆ, ಶೇಂಗಾ ಮಾರುವವನ ಕೂಗೂ ಕೇಳುತ್ತದೆ. ಆದರೂ ಚಂಡೆ ಏರುವ ಹೊತ್ತಿಗೆ ಮೈ ಜುಂ ಎನ್ನುತ್ತದೆ. ಯಾವ ಇಲಾಖೆಯೂ ಅದನ್ನು ಮಾಡಿಸಲಿಲ್ಲ. ಪ್ರೀತಿ ಮಾಡಿಸಿತು.

ಅತಿಯಾಗುತ್ತದೆ ಎನ್ನುತ್ತೀರಾ? ಆಗುತ್ತದೆ. 2019ರಲ್ಲಿ ಗೇಮ್ ಆಫ್ ಥ್ರೋನ್ಸ್ 73 ಕಂತು ಮುಗಿಸಿದಾಗ ಕೊನೆಯ ಸೀಸನ್ ಸರಿಯಾಗಿಲ್ಲ, ಬೇರೆ ಬರಹಗಾರರಿಂದ ಮತ್ತೆ ಮಾಡಿಸಿ ಎಂದು 15 ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಅದನ್ನು ಕೇಳಿ ನಮ್ಮವರು ಬಹಳ ನಕ್ಕರು. ನಗುವವರು 1988ನ್ನು ಮರೆತಿದ್ದರು. ದೂರದರ್ಶನದ ರಾಮಾಯಣ ಪಟ್ಟಾಭಿಷೇಕಕ್ಕೆ ಮುಗಿದಾಗ ಲವಕುಶರ ಕಥೆಯನ್ನೂ ತೋರಿಸಿ ಎಂದು ಜಲಂಧರದ ಪೌರಕಾರ್ಮಿಕರು ಮುಷ್ಕರ ಹೂಡಿದರು. ಅದು ಉತ್ತರದ ಬೇರೆ ಊರುಗಳಿಗೂ ಹಬ್ಬಿತು. ವಾಲ್ಮೀಕಿಯನ್ನು ತಮ್ಮ ಕುಲಗುರು ಎಂದು ನಂಬಿದವರು ಅವರು. ಅವರ ಮಾತು ನಡೆಯಿತು, ಮುಂದಿನ ಕಥೆ ಬಂತು. ಅದು ನಮ್ಮ ಕಥೆ ಆದ್ದರಿಂದ ಭಕ್ತಿ, ಇದು ಅವರ ಕಥೆ ಆದ್ದರಿಂದ ಹುಚ್ಚು ಎನ್ನುವುದು ಯಾವ ನ್ಯಾಯ?

ಆ ಕೊನೆಯ ಸೀಸನ್ ನೋಡಿ ಸಿಟ್ಟಾದವರೇ ಮಾಡಿದ ಇನ್ನೊಂದು ಕೆಲಸವನ್ನು ಯಾರೂ ಹೇಳುವುದಿಲ್ಲ. ಡ್ರಾಗನ್ ರಾಣಿಯ ಪಾತ್ರ ಮಾಡಿದ ಎಮಿಲಿಯಾ ಕ್ಲಾರ್ಕ್‌ಗೆ ಚಿತ್ರೀಕರಣದ ವರ್ಷಗಳಲ್ಲೇ ಎರಡು ಸಲ ಮೆದುಳಿನ ರಕ್ತಸ್ರಾವ ಆಗಿತ್ತು. ಅದನ್ನು ಆಕೆ 2019ರಲ್ಲಿ ಹೇಳಿಕೊಂಡರು. ಅಂಥ ರೋಗಿಗಳು ಚೇತರಿಸಿಕೊಳ್ಳಲು ಸೇಮ್‌ಯೂ ಎಂಬ ಸಂಸ್ಥೆ ಕಟ್ಟಿದರು. ಅಭಿಮಾನಿಗಳು ಅದಕ್ಕೆ ತಾವಾಗಿಯೇ ಹಣ ಕೂಡಿಸಿದರು. ಬರಹಗಾರರ ಮೇಲೆ ಕೋಪ, ಆ ಹೆಣ್ಣುಮಗಳ ಮೇಲೆ ಅಕ್ಕರೆ. ಎರಡನ್ನೂ ಬೇರೆ ಬೇರೆ ಇಡಲು ಅವರಿಗೆ ಗೊತ್ತಿತ್ತು.

ಮಾಸ್ತರೇ, ನನ್ನ ಸಂಕಟ ಬೇರೆಯದು. ಹೀಗೆ ಮೆಚ್ಚುವುದನ್ನು ನಾವೇ ಬಿಟ್ಟಿದ್ದೇವೆ. ಈಗ ನಮ್ಮ ಜಿಲ್ಲೆಯಲ್ಲಿ ಆಟಕ್ಕೆ ಹೋಗಿ ನೋಡಿ. ಸಂಜೆ ಆರಕ್ಕೆ ಎಂದು ಕರಪತ್ರದಲ್ಲಿರುತ್ತದೆ. ಮೊದಲು ಸಭೆ. ವೇದಿಕೆ ತುಂಬ ಗಣ್ಯರು. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಕಲಾವಿದರು ಬಣ್ಣ ಹಚ್ಚಿಕೊಂಡು ಚೌಕಿಯಲ್ಲಿ ಬೆವರುತ್ತಾ ಕೂತಿರುತ್ತಾರೆ. ಭಾಷಣ ಮಾಡಿದವರು ಗಣಪತಿ ಸ್ತುತಿ ಶುರುವಾಗುವ ಮೊದಲೇ ಕಾರು ಹತ್ತುತ್ತಾರೆ. ಉಳಿದ ಹೊತ್ತಿನಲ್ಲಿ ಇಡೀ ಪ್ರಸಂಗವನ್ನು ಮೊಟಕು ಮಾಡಬೇಕು. ಮರುದಿನ ಪತ್ರಿಕೆಗೆ ವರದಿ ಬರುತ್ತದೆ. ಅದರಲ್ಲಿ ವೇದಿಕೆಯಲ್ಲಿದ್ದವರ ಹೆಸರೆಲ್ಲ ಇರುತ್ತದೆ. ಯಾವ ಪದ್ಯ ಮೇಲೇರಿತು, ಯಾವ ಪ್ರವೇಶ ಕಳೆಗಟ್ಟಿತು ಎಂಬ ಒಂದು ಸಾಲು ಇರುವುದಿಲ್ಲ. ಸನ್ಮಾನ ಮಾಡುವವರು ಬೆಳೆದರು, ನೋಡುವವರು ಕಡಿಮೆಯಾದರು. ನನ್ನ ಸೋದರಮಾವನ ಹಾಗೆ ಒಂದು ಹೆಜ್ಜೆಗಾಗಿ ಚಳಿಗಾಲವಿಡೀ ಮಾತು ಬಿಡುವವನು ಈಗ ಎಲ್ಲಿದ್ದಾನೆ?

ಮಕ್ಕಳು ಇಂಗ್ಲಿಷಿನಲ್ಲಿ ನೋಡುತ್ತಾರೆ ಎಂದು ದೂರುವವರಿಗೂ ಒಂದು ಮಾತು. ಬೇರೆ ಭಾಷೆಯ ಕಥೆ ಕನ್ನಡ ಮಾತಾಡದಂತೆ ದಶಕಗಟ್ಟಲೆ ಡಬ್ಬಿಂಗ್ ತಡೆದದ್ದು ನಾವೇ. ಇಲ್ಲಿನ ಕಲಾವಿದರ ಹೊಟ್ಟೆಪಾಡಿನ ಭಯ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ ಆ ತಡೆ ತಪ್ಪು ಎಂದಿತು. 2020ರ ಲಾಕ್‌ಡೌನಿನಲ್ಲಿ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡದಲ್ಲಿ ಬಂದಾಗ ಮನೆಮಂದಿಯೆಲ್ಲ ಕೂತು ನೋಡಿದರು, ನಮ್ಮ ಮನೆಯ ಹುಡುಗರೂ ಸೇರಿ. ಅಷ್ಟರಲ್ಲಿ ಒಂದು ತಲೆಮಾರು ತನಗೆ ಬೇಕಾದ ಲೋಕವನ್ನು ಬೇರೆ ಭಾಷೆಯಲ್ಲಿ ಹುಡುಕಿಕೊಂಡಾಗಿತ್ತು. ಬಾಗಿಲು ಹಾಕಿದವರು ನಾವು. ಬೈಯುವುದು ಅವರನ್ನು.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಮೊಮ್ಮಗಳು ಪತ್ರಿಕೆಗೆ ಬರೆಯಲಿ. ರೆನೀರಾಳಿಗೆ ಯಾಕೆ ಪಟ್ಟ ಸೇರಬೇಕು ಎಂದು ಅವಳು, ಯಾಕೆ ಸೇರಬಾರದು ಎಂದು ಅವಳ ಅಣ್ಣನೋ ತಮ್ಮನೋ ಅವನು, ಕನ್ನಡದಲ್ಲೇ. ಹೆಸರುಗಳನ್ನು ಹೇಗೆ ಬರೆಯಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ, ನಾನು ಕೈ ಹಾಕುವುದಿಲ್ಲ. ಮೂರನೆಯ ಬರಹ ನಿಮ್ಮದು, ಭೀಷ್ಮನ ಪರವಾಗಿ. ದೀಪಾವಳಿ ಸಂಚಿಕೆಯಲ್ಲಿ ಆರು ಪುಟ ಖಾಲಿ ಇಟ್ಟಿದ್ದೇನೆ. ನವರಾತ್ರಿಯೊಳಗೆ ಕೈಸೇರಿದರೆ ಸಾಕು.

– ಸಂ.