ಓದುಗರ ಪ್ರಶ್ನೆಗೆ ಉತ್ತರ: ಮುತ್ತಜ್ಜನ ಮೆಡಲು, ಟಿಪ್ಪುವಿನ ಹುಲಿ, ದೇವಸ್ಥಾನದ ತೋಪು

ಪ್ರಶ್ನೆ: ಮನೆಯ ಹಳೆಯ ಟ್ರಂಕಿನಲ್ಲಿ ಬೆಳ್ಳಿಯ ಬಿಲ್ಲೆಯೊಂದು ಸಿಕ್ಕಿದೆ. ಒಂದು ಮುಖದಲ್ಲಿ ರಾಜನ ತಲೆ, ಇನ್ನೊಂದರಲ್ಲಿ ಬರಿಮೈಯ ಕುದುರೆ ಸವಾರ, ಜೊತೆಗೆ 1914 ಮತ್ತು 1918 ಎಂಬ ಅಂಕಿಗಳಿವೆ. ನಮ್ಮ ಮುತ್ತಜ್ಜ ಮರಾಠಾ ಪಲ್ಟನ್ನಿನಲ್ಲಿದ್ದರಂತೆ. ಇದು ಅವರ ಶೌರ್ಯಕ್ಕೆ ಕೊಟ್ಟ ಪದಕವೇ? ಪೇಟೆಯಲ್ಲಿ ಬೆಳ್ಳಿಯ ತೂಕದ ಮೇಲೆ ಬೆಲೆ ಹೇಳಿದ್ದಾರೆ, ಕೊಟ್ಟುಬಿಡಬಹುದೇ? (ಓದುಗರು, ಸದಾಶಿವಗಡ)

ಉತ್ತರ: ದಯವಿಟ್ಟು ಕೊಡಬೇಡಿ. ನಿಮ್ಮಲ್ಲಿರುವುದು ‘ಬ್ರಿಟಿಷ್ ವಾರ್ ಮೆಡಲ್’. ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆಂದು 1919ರಲ್ಲಿ ಸ್ಥಾಪಿಸಿದ ಪದಕ. ರಾಜ ಐದನೇ ಜಾರ್ಜ್. ಕುದುರೆ ಸವಾರ ಸಂತ ಜಾರ್ಜ್; ಕುದುರೆಯ ಕಾಲಡಿಯಲ್ಲಿ ಪ್ರಷ್ಯಾದ, ಅಂದರೆ ಶತ್ರುವಾಗಿದ್ದ ಜರ್ಮನಿಯ, ಹದ್ದಿನ ಗುರಾಣಿಯೂ ತಲೆಬುರುಡೆಯೂ ಇರುವುದನ್ನು ನೀವು ಗಮನಿಸಿರಬಹುದು. ಬೆಳ್ಳಿಯಲ್ಲಿ ಇಂತಹ ಸುಮಾರು 65 ಲಕ್ಷ ಪದಕಗಳನ್ನು ಅಚ್ಚು ಹಾಕಲಾಯಿತು. ಆದ್ದರಿಂದ ಇದು ಶೌರ್ಯ ಪದಕವಲ್ಲ, ಯುದ್ಧಸೇವೆಯ ಪದಕ. ಶೌರ್ಯಕ್ಕೆ ಭಾರತೀಯ ಸಿಪಾಯಿಗಳಿಗಿದ್ದ ಗೌರವಗಳು ಬೇರೆಯೇ: 1837ರಲ್ಲಿ ಕಂಪನಿ ಸರ್ಕಾರ ಆರಂಭಿಸಿದ, ಮುಂದೆ ‘ಇಂಡಿಯನ್ ಆರ್ಡರ್ ಆಫ್ ಮೆರಿಟ್’ ಎಂದು ಹೆಸರಾದದ್ದು ಒಂದು, 1907ರ ‘ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್’ ಇನ್ನೊಂದು. 1856ರಿಂದಲೇ ಇದ್ದ ವಿಕ್ಟೋರಿಯಾ ಕ್ರಾಸ್ ಭಾರತೀಯ ಸಿಪಾಯಿಗೂ ಸಲ್ಲಬಹುದೆಂದು ಒಪ್ಪಿಕೊಳ್ಳಲು ಆ ಸರ್ಕಾರಕ್ಕೆ 1911ರವರೆಗೆ ಕಾಲ ಹಿಡಿಯಿತು. ಬೆಲ್ಜಿಯಂನ ಹೊಲೆಬೆಕೆಯಲ್ಲಿ 1914ರ ಅಕ್ಟೋಬರ್ 31ರಂದು ಮೆಷಿನ್‌ಗನ್ ಬಿಡದೆ ಹೋರಾಡಿದ ಖುದಾದಾದ್ ಖಾನ್ ಅದನ್ನು ಪಡೆದ ಮೊದಲ ಭಾರತೀಯ ಸಿಪಾಯಿ.

ಹಾಗಿದ್ದರೂ ಈ ಸಾಮಾನ್ಯ ಪದಕವನ್ನು ಅಸಾಮಾನ್ಯವಾಗಿಸುವ ಸಂಗತಿಯೊಂದಿದೆ, ಅದು ಎರಡು ಮುಖಗಳ ಮೇಲೂ ಇಲ್ಲ. ಪದಕವನ್ನು ಬೆಳಗಿನ ಓರೆ ಬೆಳಕಿಗೆ ಹಿಡಿದು, ಅದರ ಅಂಚನ್ನು ಭೂತಗನ್ನಡಿಯಲ್ಲಿ ನಿಧಾನವಾಗಿ ತಿರುಗಿಸುತ್ತಾ ನೋಡಿ. ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಂಖ್ಯೆ, ಸಿಪಾಯಿಯೋ ನಾಯಕನೋ ಹವಾಲ್ದಾರನೋ ಎಂಬ ದರ್ಜೆ, ನಿಮ್ಮ ಮುತ್ತಜ್ಜನ ಹೆಸರು, ಕೊನೆಯಲ್ಲಿ ಪಲ್ಟನ್ನಿನ ಹೆಸರು ಕಾಣಬೇಕು. ಗುಮಾಸ್ತನೊಬ್ಬ ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರಾದ್ದರಿಂದ ಕಾಗುಣಿತ ನಿಮ್ಮ ಮನೆಯ ಕಾಗದಪತ್ರಗಳಲ್ಲಿರುವಂತೆ ಇಲ್ಲದಿದ್ದರೆ ಗಾಬರಿಯಾಗಬೇಡಿ.

1862ರಲ್ಲಿ ಮದ್ರಾಸಿನಿಂದ ಬೇರ್ಪಟ್ಟ ಮೇಲೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು, ಮರಾಠಾ ಪಲ್ಟನ್ನುಗಳೂ ಅದೇ ಪ್ರಾಂತ್ಯದ ಸೈನ್ಯದವು. ಅಂಚಿನಲ್ಲಿ 103, 110 ಅಥವಾ 117 ಎಂಬ ಸಂಖ್ಯೆಯ ಪಲ್ಟನ್ ಇದ್ದರೆ ಮೆಸಪೊಟೇಮಿಯಾದ, ಅಂದರೆ ಇಂದಿನ ಇರಾಕಿನ, ಕಡೆಗೆ ನೋಡಬೇಕಾಗುತ್ತದೆ. ಈ ಮೂರೂ ಪಲ್ಟನ್ನುಗಳು ಆರನೇ ಪೂನಾ ಡಿವಿಜನ್ನಿನೊಂದಿಗೆ ಕೂತ್ ಪಟ್ಟಣದಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿ, ತಿಂಗಳುಗಟ್ಟಲೆ ಹಸಿದು, 1916ರ ಏಪ್ರಿಲ್ 29ರಂದು ಶರಣಾದವು. ಸೆರೆಸಿಕ್ಕ ಸಿಪಾಯಿಗಳಲ್ಲಿ ಎಷ್ಟೋ ಮಂದಿ ಮರುಭೂಮಿಯ ನಡಿಗೆಯಲ್ಲೇ ತೀರಿಕೊಂಡರು. ನಿಮ್ಮವರು ಆ ಸೆರೆಯಲ್ಲಿದ್ದರೋ ಅನಂತರ ಭರ್ತಿಯಾದರೋ ಎಂಬುದನ್ನು ಪದಕವೊಂದೇ ಹೇಳಲಾರದು. 1922ರಲ್ಲಿ ಈ ಪಲ್ಟನ್ನುಗಳನ್ನೆಲ್ಲ ಒಂದೇ ರೆಜಿಮೆಂಟಿಗೆ ಸೇರಿಸಿ ಸಂಖ್ಯೆ ಬದಲಿಸಿದ್ದರಿಂದ 103 ಎಂಬುದು ಆ ರೆಜಿಮೆಂಟಿನ ಒಂದನೇ, 110 ಎಂಬುದು ಮೂರನೇ, 117 ಎಂಬುದು ಐದನೇ ಬೆಟಾಲಿಯನ್ ಆಯಿತು. ಆ ರೆಜಿಮೆಂಟೇ ಇಂದಿನ ಮರಾಠಾ ಲೈಟ್ ಇನ್‌ಫೆಂಟ್ರಿ; ಬೆಳಗಾವಿಯಲ್ಲಿರುವ ಅದರ ಕೇಂದ್ರಕ್ಕೆ ಬರೆಯುವುದಾದರೆ ಅಂಚಿನ ಬರಹವನ್ನು ಒಂದಕ್ಷರವೂ ತಿದ್ದದೆ ಹಾಗೆಯೇ ಕಳಿಸಿ.

ಇದೇ ಚಿತ್ರದ ಪದಕ ಕಂಚಿನಲ್ಲಿ ಸಿಕ್ಕಿದರೆ ಅದನ್ನು ನಕಲಿಯೆಂದು ತಳ್ಳಿಹಾಕುವವರಿದ್ದಾರೆ, ಅದು ತಪ್ಪು. ಕೂಲಿ ದಳ, ಹೊರೆಯಾಳುಗಳ ದಳ ಮುಂತಾದವುಗಳಿಗೆ ಸೇರಿದವರಿಗೆ ಕಂಚಿನ ಪದಕ ಕೊಟ್ಟರು. ಅವು ಸುಮಾರು 1,10,000 ಮಾತ್ರ. ಬಂದೂಕು ಹಿಡಿದವನಿಗೆ ಬೆಳ್ಳಿ, ಅವನ ನೀರು, ರೇಷನ್ನು, ಮದ್ದುಗುಂಡು ಹೊತ್ತವನಿಗೆ ಕಂಚು ಎಂಬ ಈ ಲೆಕ್ಕಾಚಾರ ನನಗಂತೂ ಸಣ್ಣತನವೆನಿಸುತ್ತದೆ, ಆದರೆ ಇಂದು ಅಪರೂಪವಾಗಿರುವುದು ಕಂಚಿನದೇ. ಬೆಳ್ಳಿಯವು ಕಡಿಮೆಯಾಗುತ್ತಿರುವುದಕ್ಕೂ ನಿಮಗೆ ಬೆಲೆ ಹೇಳಿದವರ ತಕ್ಕಡಿಯೇ ಕಾರಣ: 1980ರ ಸುಮಾರಿಗೆ ಬೆಳ್ಳಿಯ ದರ ಗಗನಕ್ಕೇರಿದಾಗ ಇಂಗ್ಲೆಂಡಿನಲ್ಲಿಯೂ ಈ ಪದಕಗಳು ರಾಶಿಗಟ್ಟಲೆ ಕುಲುಮೆ ಸೇರಿದವು.

ಇನ್ನು ಶುಚಿ ಮಾಡುವ ಮಾತು. ಹುಣಸೆಹಣ್ಣು, ವಿಭೂತಿ, ಬ್ರಾಸೋ ಯಾವುದನ್ನೂ ಹಚ್ಚಬೇಡಿ. ಬೆಳ್ಳಿಯ ಮೇಲಿನ ಕಪ್ಪು ಪದಕಕ್ಕೆ ಕೇಡಲ್ಲ. ಉಜ್ಜಿದರೆ ಅಂಚಿನ ಅಕ್ಷರಗಳೇ ಸವೆದು ಹೋಗುತ್ತವೆ. ನಡುವೆ ಕಿತ್ತಳೆ, ಎರಡೂ ಪಕ್ಕಕ್ಕೆ ಬಿಳಿ, ಕಪ್ಪು, ನೀಲಿ ಗೆರೆಗಳಿರುವ ರಿಬ್ಬನ್ನಿನ ತುಂಡೇನಾದರೂ ಉಳಿದಿದ್ದರೆ ಅದನ್ನೂ ಬಿಸಾಡಬೇಡಿ. ನಮ್ಮ ಕರಾವಳಿಯ ಮಳೆಗಾಲದ ಥಂಡಿಗೆ ಪ್ಲಾಸ್ಟಿಕ್ ಕವರಿಗಿಂತ ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿಡುವುದು ಮೇಲು.

ಪ್ರಶ್ನೆ: ಟಿಪ್ಪು ಸುಲ್ತಾನನ ವಿರುದ್ಧ ಹೋರಾಡಿದ ಸಿಪಾಯಿಗಳಿಗೂ ಇಂಗ್ಲಿಷರು ಪದಕ ಕೊಟ್ಟಿದ್ದರೇ? (ಓದುಗರು, ಶಿರಸಿ)

ಉತ್ತರ: ಕೊಟ್ಟಿದ್ದರು, ಎರಡು ಬಾರಿ. 1791-92ರ ಯುದ್ಧದ ಪದಕದಲ್ಲಿ ಕಂಪನಿಯ ಸಿಪಾಯಿಯೊಬ್ಬ ಬಾವುಟ ಹಿಡಿದು ಫಿರಂಗಿಯ ಮೇಲೆ ಕಾಲಿಟ್ಟು ನಿಂತಿದ್ದಾನೆ. ಹೆಚ್ಚು ಪ್ರಸಿದ್ಧವಾದದ್ದು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದುದರ ನೆನಪಿಗೆ ಬರ್ಮಿಂಗ್‌ಹ್ಯಾಮಿನ ಬಳಿಯ ಸೋಹೊ ಟಂಕಸಾಲೆಯಲ್ಲಿ ಅಚ್ಚಾದದ್ದು. ಅದರಲ್ಲಿ ಬ್ರಿಟನ್ನಿನ ಸಿಂಹ ಹುಲಿಯೊಂದನ್ನು ನೆಲಕ್ಕೆ ಕೆಡವಿ ಮೇಲೆ ನಿಂತಿದೆ. ಹುಲಿ ಯಾರ ಲಾಂಛನವೆಂದು ನಮ್ಮವರಿಗೆ ವಿವರಿಸಬೇಕಾಗಿಲ್ಲ. ನಮ್ಮ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ್ದೂ ಅದೇ ಗೆಲುವಿನಿಂದ. ಹಿರಿಯ ಅಧಿಕಾರಿಗಳಿಗೆ ಚಿನ್ನ, ಕೆಳಗಿನವರಿಗೆ ಬೆಳ್ಳಿ, ಮತ್ತೂ ಕೆಳಗೆ ಕಂಚು ಎಂದು ಇಳಿಯುತ್ತಾ ಬಂದು ಸಾಮಾನ್ಯ ಸಿಪಾಯಿಯ ಪಾಲಿಗೆ ತವರ ಬಂದಿತು. ಅದರಲ್ಲಿ ಕೊಂಡಿಯೂ ಇರಲಿಲ್ಲ. ಧರಿಸುವ ಆಸೆಯಿದ್ದವರು ತಾವೇ ಪದಕಕ್ಕೆ ಬಳೆ ಹಾಕಿಸಿಕೊಂಡರು. ಇದರ ನಕಲುಗಳು ಬಹಳ, ಕೊಳ್ಳುವವರು ಎಚ್ಚರದಿಂದಿರಬೇಕು.

ಪ್ರಶ್ನೆ: ನಮ್ಮೂರ ದೇವಸ್ಥಾನದ ಮುಂದೆ ಅರ್ಧ ಹೂತಿರುವ ಕಬ್ಬಿಣದ ತೋಪಿನ ಮೇಲೆ ಕಿರೀಟದ ಗುರುತು, ಅದರ ಹಿಂದೆ 24, 2, 14 ಎಂಬ ಮೂರು ಅಂಕಿಗಳಿವೆ. ಇದು ತಾರೀಖೇ? (ಓದುಗರು, ಕುಮಟಾ)

ಉತ್ತರ: ತಾರೀಖಲ್ಲ, ತೂಕ. ಇಂಗ್ಲಿಷ್ ತೋಪುಗಳಲ್ಲಿ ಮೊದಲ ಅಂಕಿ ಹಂಡ್ರೆಡ್‌ವೇಟ್, ಅಂದರೆ 112 ಪೌಂಡಿನ ಲೆಕ್ಕ. ಎರಡನೆಯದು ಅದರ ಕಾಲುಭಾಗವಾದ 28 ಪೌಂಡಿನದು. ಮೂರನೆಯದು ಬಿಡಿ ಪೌಂಡು. ಒಟ್ಟು 2,758 ಪೌಂಡು, ಸುಮಾರು 1,251 ಕಿಲೋ. ಗುಂಡಿನ ತೂಕವನ್ನು ಇದು ಹೇಳುವುದಿಲ್ಲ. ಬಾಣದ ತಲೆಯಂತಹ ಮೂರು ಗೆರೆಯ ಗುರುತೂ ಇದ್ದರೆ ಅದು ಬ್ರಿಟಿಷ್ ಸರ್ಕಾರದ ಸ್ವತ್ತಾಗಿತ್ತೆಂದು ತಿಳಿಯಿರಿ. ತೋಪಿನ ಬಾಯಿಗೆ ಬೆಂಕಿ ಸೋಕಿಸಬೇಡಿ. ಒಳಗೆ ಹಳೆಯ ಮದ್ದು ಉಳಿದಿರುವ ಸಂಭವವುಂಟು. ಅದನ್ನು ಅಲುಗಿಸುವ ಮೊದಲು ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಿ.

ಪ್ರಶ್ನೆ: ಅಜ್ಜನ ಬರ್ಮಾ ಸ್ಟಾರ್ ಪದಕವನ್ನು ಮೊಮ್ಮಗ ಧರಿಸಬಹುದೇ? (ಓದುಗರು, ಅಂಕೋಲಾ)

ಉತ್ತರ: ಬ್ರಿಟನ್ನಿನ ವಾಡಿಕೆಯ ಪ್ರಕಾರ ಪಡೆದವರು ಎಡ ಎದೆಗೂ, ಅವರ ಮನೆಯವರು ಸ್ಮರಣೆಯ ದಿನಗಳಲ್ಲಿ ಬಲ ಎದೆಗೂ ಧರಿಸುತ್ತಾರೆ. ನೀವೂ ಬಲಕ್ಕೇ ಧರಿಸಿ. ಬರ್ಮಾ ಸ್ಟಾರ್ ಸೇರಿದಂತೆ ಎರಡನೇ ಮಹಾಯುದ್ಧದ ಸ್ಟಾರ್‌ಗಳನ್ನು ಬ್ರಿಟನ್ನಿನ ಸೈನಿಕರಿಗೆ ಹೆಸರಿಲ್ಲದೆ ಹಂಚಿದರು, ಆದರೆ ಭಾರತೀಯರಿಗೆ ಕೊಟ್ಟವುಗಳಲ್ಲಿ ಹೆಸರು ಕೆತ್ತಿಸಿದ್ದರು. ಧರಿಸುವ ಮೊದಲು ಹಿಂಬದಿಯನ್ನೊಮ್ಮೆ ನೋಡಿಕೊಳ್ಳಿ.